ಕರಿಪುಡಿಯೊಳಗಿನ ವಿಷ

ಕಡೇಚೂರಿನ ಆಚೆಯ ಹಳ್ಳಿಯಲ್ಲಿ ಮೌನಮ್ಮನ ಮನೆಯ ಬೋರ್‌ವೆಲ್ ನೀರು ಎರಡು ವರ್ಷದಿಂದ ಹಳದಿಗೆ ತಿರುಗಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ತಂಗಿಯ ಮಗಳು ಭಾರತಿ ಒಂದು ದಿನ ಬಂದು, ಕರಿಪುಡಿ ತುಂಬಿದ ಪೈಪೊಂದನ್ನು ಹಿತ್ತಿಲ ಗೋಡೆಗೆ ಕಟ್ಟಿದಳು.

"ತೊಗರಿಕಟ್ಟಿಗಿ ಸುಟ್ಟ ಇದ್ದಲಿ ದೊಡ್ಡವ್ವ. ಕಣ್ಣಿಗೆ ಕಾಣದಷ್ಟು ಸಣ್ಣ ಮಾಡಿ, ಕಬ್ಬಿಣ ಸೇರ್ಸೇವಿ. ನೀರಾಗಿನ ವಿಷ ಇದಕ್ಕ ಅಂಟ್ಕೋತದ."

ಮೇಲೆ ಹಳದಿ ನೀರು ಸುರಿದರೆ ಕೆಳಗೆ ತಿಳಿನೀರು ಹನಿಯಿತು. ಮೌನಮ್ಮ ಲೋಟ ಬಾಯಿಗೆತ್ತಿದಳು. ಭಾರತಿ ಕಸಿದುಕೊಂಡಳು.

"ರಿಪೋರ್ಟ್ ಬರೋತನಕ ಕುಡೀಬ್ಯಾಡ."

"ವಿಷ ಹೋಗೇದ ಅಂತೀ, ಕುಡೀಬ್ಯಾಡ ಅಂತೀ! ನನಗೊಂದೂ ತಿಳೀವಲ್ದು."

ವಾರದ ಬಳಿಕ ಭಾರತಿ ಪೈಪಿಗೆ ಹೊಸ ಪುಡಿ ತುಂಬಿ, ಹಳೆಯದನ್ನು ಕವರಿಗೆ ಹಾಕಿ ಬಚ್ಚಲಕಟ್ಟೆಯ ಮೇಲಿಟ್ಟು, ನೀರಿನ ಮಾದರಿ ಕಳಿಸಲು ಯಾದಗಿರಿಗೆ ಹೋದಳು. ಪಾತ್ರೆ ತಿಕ್ಕಲು ಮೌನಮ್ಮನ ಬಳಿ ಬೂದಿ ಮುಗಿದಿತ್ತು. ಕರಿಪುಡಿಯಿಂದಲೇ ಗಂಗಾಳ ತಿಕ್ಕಿ, ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಸುರಿದಳು. ಆ ಗಂಗಾಳದಲ್ಲೇ ಗಂಡ ಬಸಲಿಂಗ ರೊಟ್ಟಿ ಉಂಡು ಮಲಗಿದ.

ಮಧ್ಯಾಹ್ನ ಬಂದ ಭಾರತಿ ಖಾಲಿ ಕವರು ಕಂಡು, ಪುಡಿ ಏನಾಯಿತೆಂದು ಕೇಳಿ ತಿಳಿದಳು.

"ದೊಡ್ಡವ್ವ, ಅದರಾಗ ವಾರದ ವಿಷ ಕುಂತದ!"

"ವಿಷ ಹೋಗೇದ ಅಂದಿದ್ಯಲ್ಲ?"

"ನೀರಾಗಿಂದು ಹೋಗೇದ. ಪುಡಿಯಾಗ ಬಂದದ."

"ಹಂಗಾದ್ರ ಪುಡಿ ಎಲ್ಲಿ ಒಗೀಬೇಕು?"

ಭಾರತಿಯ ಲ್ಯಾಬಿನಲ್ಲಿ ಚಿಟಿಕೆ ಪುಡಿ ಸೀಸೆಯಲ್ಲಿರುತ್ತಿತ್ತು. ಮನೆ ಮನೆಗೆ ಸೇರುಗಟ್ಟಲೆ ಆದರೆ ಏನು ಮಾಡಬೇಕೆಂದು ಯಾರೂ ಕೇಳಿರಲಿಲ್ಲ. ತನ್ನ ಪ್ರೊಫೆಸರರಿಗೆ ಫೋನ್ ಹಚ್ಚಿದಳು. ಪುಡಿ ವಿಷವನ್ನು ಬಿಗಿಯಾಗಿ ಹಿಡಿದಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ; ಗಂಗಾಳ ಚೆನ್ನಾಗಿ ತೊಳೆಯಿರಿ, ತೊಳೆದ ನೀರು ಚೆಲ್ಲಬೇಡಿ, ಮಣ್ಣು ಅಗೆದು ತೆಗೆಯಿರಿ ಎಂದರು. ಎಲ್ಲಿ ಇಡಬೇಕೆಂದು ಅವರೂ ಹೇಳಲಿಲ್ಲ.

ಇಬ್ಬರೂ ಕರಿಬೇವಿನ ಬುಡ ಕೆದರಿ ಮಣ್ಣನ್ನು ಚೀಲಕ್ಕೆ ತುಂಬಿದರು. ನಡುನಡುವೆ ಮೌನಮ್ಮ ಒಳಗೆ ಹೋಗಿ ಗಂಡನ ಹಣೆ ಮುಟ್ಟಿ ನೋಡುತ್ತಿದ್ದಳು. ಮೂರನೆಯ ಸಲ ಬಸಲಿಂಗ ಕಣ್ಣು ಬಿಟ್ಟ.

"ಏನಾಗೇದ ನಿನಗ?"

"ಏನಿಲ್ಲ, ಮಲಕೋರಿ" ಎಂದಳು.

ಅವನಿಗೇನೂ ಆಗಲಿಲ್ಲ. ಇಪ್ಪತ್ತು ದಿನಕ್ಕೆ ನೀರು ಕುಡಿಯಬಹುದೆಂದು ರಿಪೋರ್ಟ್ ಬಂತು. ಮೌನಮ್ಮ ಒಂದು ಲೋಟ ಕುಡಿದಳು. ಸಪ್ಪೆಯೋ ಸಿಹಿಯೋ ತಿಳಿಯಲಿಲ್ಲ. ಬಾಯಿ ಒರೆಸಿಕೊಂಡು, ಕಲಬುರಗಿಗೆ ಮರಳಿದ್ದ ಭಾರತಿಗೆ ಫೋನ್ ಮಾಡಿದಳು:

"ನೀರೇನೋ ಛಲೋ ಅದ. ಈ ವಾರದ ಪುಡಿ ಒಯ್ಯಾಕ ಯಾರ ಬರ್ತಾರ?"