ಛಲೋ ಡ್ರೈವ್ ಕೆಡಿಸಿದ ರವಿವಾರ

ಕೆಮ್ಮು ನಿಲ್ಲುತ್ತಿಲ್ಲವೆಂದು ಮಾಡಿಸಿದ ಸ್ಕ್ಯಾನಿನಲ್ಲಿ ತಾಜಬಿಯವರ ಎದೆಯೊಳಗೆ ಕಡಲೆಕಾಳಿನಷ್ಟು ಒಂದು ಚುಕ್ಕೆ ಕಂಡಿತು. ಡಾಕ್ಟರ್ ಸೌಮ್ಯಾ ಮುಚ್ಚುಮರೆ ಮಾಡಲಿಲ್ಲ.

"ಹಳೇದಿದ್ರ ಹೆದರೋ ಕಾರಣ ಇಲ್ರಿ. ಹೊಸಾದಿದ್ರ ಮಂಗಳವಾರ ಆಪರೇಷನ್ ಮಾಡಿ ತಗೀಬೇಕಾಕ್ಕೈತಿ. ಮೊದಲ ಯಾವಾಗರೆ ಸ್ಕ್ಯಾನ್ ಮಾಡಿಸಿದ್ರೇನು?"

ಮಾಡಿಸಿದ್ದರು. ಹನ್ನೆರಡು ವರ್ಷದ ಹಿಂದೆ ಉಣಕಲ್ ಕೆರೆ ಹತ್ತಿರ ಸ್ಕೂಟರಿನಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಾಗ, ಇದೇ ಸ್ಕ್ಯಾನ್ ಸೆಂಟರಿನಲ್ಲಿ. ಆಗಿನ ವರದಿಯಲ್ಲಿ ಪಕ್ಕೆಲುಬಿನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಚಿತ್ರಗಳಿದ್ದ ದೊಡ್ಡ ಫಿಲ್ಮುಗಳು ಮನೆಯಲ್ಲಿದ್ದವು. ಅವನ್ನು ಗಂಡ ಫಕ್ರುಸಾಬರು ಸೂರ್ಯಗ್ರಹಣದ ದಿನ ತುಂಡು ತುಂಡು ಕತ್ತರಿಸಿ, ನೋಡಲಿ ಪಾಪ ಎಂದು ಬೆಂಗೇರಿಯ ಓಣಿಯ ಹುಡುಗರಿಗೆಲ್ಲ ಹಂಚಿಬಿಟ್ಟಿದ್ದರು.

"ನನ್ನ ಎದಿ ಕತ್ತರಿಸಿ ಓಣಿಗೆಲ್ಲ ಹಂಚ್ಯಾರ ನಿಮ್ಮ ಮಾವ," ಎಂದು ತಾಜಬಿ ಸೊಸೆ ನಾಹಿದಾಗೆ ಹೇಳಿದರು. "ಉಳಿದದ್ದು ಈಗ ಡಾಕ್ಟರ ಪಾಲಿಗೆ."

ನಾಹಿದಾ ಆ ಸೆಂಟರಿನ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವಳು. ಅತ್ತೆಯ ಹಳೆಯ ಚಿತ್ರಗಳು ಎಲ್ಲಿರಬಹುದೆಂದು ಅವಳಿಗೆ ಗೊತ್ತಿತ್ತು. ಆಗಿನ ದಿನಗಳಲ್ಲಿ ಸೆಂಟರ್ ಮುಚ್ಚುವ ಹೊತ್ತಿಗೆ ಮೂರೂ ಕೋಣೆಗಳ ಕಂಪ್ಯೂಟರ್‌ಗಳಿಂದ ಚಿತ್ರಗಳು ತಂತಿಗುಂಟ ಮೂಲೆಯ ಒಂದೇ ಕಂಪ್ಯೂಟರಿಗೆ ಬರುತ್ತಿದ್ದವು. ಅದಕ್ಕೆ ಜೋಡಿಸಿದ ಟೇಪ್ ಡ್ರೈವ್ ಅವನ್ನೆಲ್ಲ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕ್ಯಾಸೆಟ್ಟಿನೊಳಗೆ ಬರೆದಿಡುತ್ತಿತ್ತು. ಕ್ಯಾಸೆಟ್ಟುಗಳು ಕಪಾಟಿನಲ್ಲಿ ಉಳಿದಿದ್ದವು. ಅವನ್ನು ಓದುವ ಡ್ರೈವ್ ಮಾತ್ರ ಕಟ್ಟಡ ಬದಲಿಸುವಾಗ ಗುಜರಿಗೆ ಹೋಗಿತ್ತು.

ಮಾಲೀಕ ವಿನೋದ ಒಳ್ಳೆಯವನು. ಎಲ್ಲೆಲ್ಲೋ ಫೋನು ಹಚ್ಚಿ ಅದೇ ಜಾತಿಯ ಇನ್ನೊಂದು ಡ್ರೈವ್ ತರಿಸಿಕೊಟ್ಟ. ಆದರೆ ಆ ಡ್ರೈವ್ ಅತ್ತೆಯ ಕ್ಯಾಸೆಟ್ಟನ್ನು ಒಳಗೆ ಎಳೆದುಕೊಂಡು, ಸ್ವಲ್ಪ ಹೊತ್ತು ಗೊರಗೊರ ಅಂದು, ಕೆಂಪು ದೀಪ ಹತ್ತಿಸಿ ಹೊರಗೆ ಉಗುಳಿತು. ಬೇರೆ ಕ್ಯಾಸೆಟ್ಟು ಹಾಕಿದಳು. ಅದನ್ನೂ ಉಗುಳಿತು. ಕಪಾಟೇ ಖಾಲಿಯಾಯಿತು, ಒಂದನ್ನೂ ಓದಲಿಲ್ಲ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅವಳು ತಲೆ ತಗ್ಗಿಸಿಯೇ ಹೇಳಿದಳು. "ಟೇಪ್ ಎಲ್ಲಾ ಸತ್ತಾವ್ರಿ ಮಾವಾ."

ರೊಟ್ಟಿ ಮುರಿಯುತ್ತಿದ್ದ ಫಕ್ರುಸಾಬರ ಕೈ ನಿಂತಿತು. "ಎಲ್ಲಾವೂ? ಒಂದೂ ಉಳೀದಂಗ?"

"ಹೂಂನ್ರಿ."

"ಹಂಗಾರ ಸತ್ತಿಲ್ಲ ತಗೊ. ಸಾಯೋವಿದ್ರ ಒಂದು ಸಾಯ್ತಿತ್ತು, ಒಂದು ಉಳೀತಿತ್ತು. ನಿಮ್ಮ ಹಳೇ ಡ್ರೈವ್ ಸೊಟ್ಟ ಇತ್ತು."

ದುರ್ಗದ ಬೈಲಿನಲ್ಲಿ ಇಪ್ಪತ್ತು ವರ್ಷ ವಿ.ಸಿ.ಆರ್. ರಿಪೇರಿ ಅಂಗಡಿ ನಡೆಸಿದ ಮನುಷ್ಯ. ಹುಬ್ಬಳ್ಳಿಯಲ್ಲಿ ತನ್ನಂಥ ಕೈ ಇನ್ನೊಂದಿರಲಿಲ್ಲವೆಂದು ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ. "ಟೇಪು ಒಳಗಿನ ಡ್ರಮ್ಮಿನ ಸುತ್ತ ಓರೆಯಾಗಿ ಹೋಗತೈತಿ ಬೇಟಿ. ಎರಡು ಗೂಟ ಅದನ್ನ ಹಿಡದಿರತಾವ. ಗೂಟ ಕೂದಲೆಳಿಯಷ್ಟು ಸರದ್ರ ಸಾಕು, ಒಬ್ಬರ ಮನಿ ವಿ.ಸಿ.ಆರ್.ನ್ಯಾಗ ತುಂಬಿದ ಕ್ಯಾಸೆಟ್ಟು ಅವರ ಮನ್ಯಾಗಷ್ಟ ನಡೀತಿತ್ತು."

ನಾಹಿದಾಗೆ ತಟ್ಟನೆ ನೆನಪಾಯಿತು. ಹಿಂದೆ ಧಾರವಾಡದ ಶಾಖೆಗೆ ಕಳಿಸಿದ ಟೇಪುಗಳು ಓದಲು ಬರುವುದಿಲ್ಲವೆಂದು ಪ್ರತಿಸಲ ವಾಪಸು ಬರುತ್ತಿದ್ದವು. ಅಲ್ಲಿಯವರ ಡ್ರೈವೇ ಕೆಟ್ಟಿದೆ ಎಂದು ಎಲ್ಲರೂ ನಕ್ಕಿದ್ದರು.

"ಅಂದ್ರ ಈಗ ಛಲೋ ಇದ್ದದ್ದನ್ನ ಕೆಡಸಬೇಕೇನ್ರಿ?"

"ಹೆಂಗರೆ ಕೆಡಸೋದಲ್ಲ. ಹಳೇದು ಹೆಂಗ ಕೆಟ್ಟಿತ್ತೋ ಹಂಗ ಕೆಡಸಬೇಕು. ಅದಕ್ಕ ಅನುಭವ ಬೇಕು."

"ಕೆಡಸೋ ಅನುಭವ ಅವರ ಹತ್ರ ಬೇಕಾದಷ್ಟೈತಿ," ಎಂದರು ತಾಜಬಿ, ಪಲ್ಯ ಬಡಿಸುತ್ತ.

ರವಿವಾರ ಸೆಂಟರಿಗೆ ರಜೆ. ಡ್ರೈವಿನ ಮುಚ್ಚಳ ತೆಗೆದಿಟ್ಟದ್ದನ್ನು ಕಂಡು ವಿನೋದನ ಮುಖ ಸಣ್ಣದಾಯಿತು. "ಇರೋದ ಇದೊಂದು ಕಾಕಾ. ಹೋತಂದ್ರ ಮತ್ತ ಸಿಗೂದಿಲ್ರಿ."

"ಇದ್ದು ಏನ್ ಓದಾಕತ್ತೈತಪಾ ಇದು?"

ವಿನೋದ ಕುರ್ಚಿ ಎಳೆದುಕೊಂಡು ಕೂತ.

ಅತ್ತೆಯ ಕ್ಯಾಸೆಟ್ಟನ್ನು ನಾಹಿದಾ ಮುಟ್ಟಲಿಲ್ಲ. ಅದೇ ಹಳೆಯ ಡ್ರೈವಿನಲ್ಲಿ ಬರೆದ ಬೇರೊಂದನ್ನು ಮೊದಲು ಹಾಕಿದಳು. ಎಷ್ಟು ತಪ್ಪು ಓದುತ್ತಿದೆ ಎಂಬುದನ್ನು ಪರದೆ ತೋರಿಸುತ್ತಿತ್ತು. ಫಕ್ರುಸಾಬರು ಸಣ್ಣ ಸ್ಕ್ರೂಡ್ರೈವರಿನಿಂದ ಒಂದು ಗೂಟ ತಿರುಗಿಸಿದರು.

"ಹೆಚ್ಚಾತ್ರಿ."

ಇನ್ನೊಂದು ಕಡೆ ತಿರುಗಿಸಿದರು. ಒಳಗೆ ಚರ್ರೆಂದಿತು. ಟೇಪು ಗೂಟಕ್ಕೆ ಸಿಕ್ಕು ಮುದುಡಿಹೋಯಿತು. ಫಕ್ರುಸಾಬರು ಸ್ಕ್ರೂಡ್ರೈವರ್ ಕೆಳಗಿಟ್ಟು ತಮ್ಮ ಬೆರಳುಗಳನ್ನೇ ನೋಡಿದರು.

"ಕೈ ನಡಗತೈತಿ ಬೇಟಿ. ನಿಮ್ಮತ್ತಿ ಮುಂದ ಹೇಳಬ್ಯಾಡ. ನೀ ತಿರಗಸು, ನಾ ಕೇಳಸ್ಕೋತೇನಿ."

ನಾಹಿದಾ ಮತ್ತೊಂದು ಕ್ಯಾಸೆಟ್ಟು ಹಾಕಿದಳು. ಮುಂಜಾನೆ ಮಕ್ಕಳ ಡಬ್ಬಿ ಕಟ್ಟಿ, ದಿನವಿಡೀ ಇಲ್ಲಿ ದುಡಿದು, ಮತ್ತೆ ಒಲೆ ಮುಂದೆ ನಿಲ್ಲುವ ಕೈ ಅದು. ಆಯಾಸವಿತ್ತು, ನಡುಕ ಇರಲಿಲ್ಲ. ಮಾವ ಡ್ರೈವಿನ ಪಕ್ಕಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದರು.

"ಹಗೂರಕ. ಇನ್ನೊಂಚೂರು. ಹಾಂ, ಈಗ ಉಸಿರು ಬಿಡಾಕತ್ತೈತಿ. ಒಂದೀಟು ಹಿಂದಕ. ತಡಿ. ಇನ್ನ ಮುಟ್ಟಬ್ಯಾಡ."

ಗೊರಗೊರ ಹೋಗಿ ಒಂದೇ ಸಮನೆ ಸಣ್ಣ ಸಿಳ್ಳಿನಂಥ ಸದ್ದು ಬಂತು. ನಾಹಿದಾ ಪರದೆಯತ್ತ ತಿರುಗಿದಳು. ತಪ್ಪುಗಳ ಲೆಕ್ಕ ಜರ್ರನೆ ಇಳಿದು ತಳ ಮುಟ್ಟಿತ್ತು. ಹನ್ನೆರಡು ವರ್ಷದ ಹಿಂದಿನ ಯಾರದೋ ಮೊಣಕಾಲು ಪರದೆ ತುಂಬ ಮೂಡುತ್ತಿತ್ತು.

"ಯಾರ್ದರೆ ಇರ್ಲಿ, ಎಷ್ಟ ಚಂದ ಮೊಣಕಾಲರೀ ಕಾಕಾ," ಎಂದು ವಿನೋದ ಕುರ್ಚಿಯಿಂದ ಎದ್ದೇಬಿಟ್ಟ.

ಆಮೇಲೆ ಅತ್ತೆಯ ಕ್ಯಾಸೆಟ್ಟು. ಅದು ಒಂದು ಸಲವೂ ತಡವರಿಸಲಿಲ್ಲ. ಚಿತ್ರಗಳು ತಂತಿಗುಂಟ ಸಾಲಾಗಿ ಪಕ್ಕದ ಕೋಣೆಗೆ ಹೋದವು. ಅಲ್ಲಿ ಡಾಕ್ಟರ್ ಸೌಮ್ಯಾ ರಜೆಯ ದಿನವೂ ಬಂದು ಕಾಯುತ್ತಿದ್ದರು. ಅವರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು. ಬಾಗಿಲಲ್ಲಿ ಮಾವ ಸೊಸೆ ಇಬ್ಬರೂ ನಿಂತಿದ್ದರು, ಒಳಗೆ ಹೋಗುವ ಧೈರ್ಯವಾಗದೆ.

"ಬರ್ರಿ ಒಳಗ, ನೋಡ್ರಿಲ್ಲೆ," ಎಂದರು ಸೌಮ್ಯಾ. "ಆವತ್ತೂ ಇಲ್ಲೇ ಐತಿ, ಇಷ್ಟ ಐತಿ. ಒಂದೆಳಿ ಸೈತ ಬೆಳದಿಲ್ಲ. ಮಂಗಳವಾರದ ಆಪರೇಷನ್ ರದ್ದು. ಕೆಮ್ಮಿಗೆ ಔಷಧ ಬರದು ಕೊಡ್ತೇನಿ, ಅಷ್ಟ ಸಾಕು."

ಫಕ್ರುಸಾಬರು ಟೊಪ್ಪಿಗೆ ತೆಗೆದು, ಮುಖ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಹುಬ್ಬಳ್ಳಿಯಲ್ಲಿ ತನ್ನಂಥ ಕೈ ಇನ್ನೊಂದಿಲ್ಲ ಎನ್ನುವ ಮಾತು ಬಾಯಿಗೆ ಬಂದಿತ್ತೇನೋ, ಅದು ಬೇರೆಯಾಗಿ ಹೊರಬಿತ್ತು. "ಇಕಿ ಕೈ ನೋಡಪಾ ವಿನೋದ. ಹುಬ್ಬಳ್ಯಾಗ ಇನ್ನೊಂದು ತೋರಸು."

ನಾಹಿದಾ ಮನೆಗೆ ಫೋನು ಮಾಡಿದಳು. ಆ ಕಡೆ ಕುಕ್ಕರಿನ ಸೀಟಿ, ಮಕ್ಕಳ ಜಗಳ.

"ಅತ್ತಿ, ಹಳೇದ ಅಂತ್ರಿ. ಆಪರೇಷನ್ ಇಲ್ಲ."

ತಾಜಬಿ ಅಲ್ಲಾನ ಹೆಸರು ಹೇಳಿದ್ದು ಕೇಳಿಸಿತು, ಮೂಗು ಸೀಟಿದ್ದೂ ಕೇಳಿಸಿತು.

"ಹಂಗಾರ ನಿಮ್ಮ ಮಾವಗ ಹೇಳು, ಬರೂಮುಂದ ಮಟನ್ ತೊಗೊಂಡ ಬರ್ರಿ ಅಂತ. ನಾನ ಸಾಯ್ತೇನೇನೋ ಅನ್ನೂಹಂಗ ಎಲ್ಲಾರೂ ಅರ್ಧ ರೊಟ್ಟಿ ತಿಂದು ಏಳಾಕತ್ತೀರಿ, ನನಗ ನೋಡಾಕ ಆಗವಲ್ದು. ಮತ್ತ ಆ ವಿನೋದಗೂ ಊಟಕ್ಕ ಕರಕೊಂಡ ಬರ್ರಿ."