ಹಣೆ ನಿಮ್ಮದು, ಬೆರಳು ನನ್ನದು

ಬುಧವಾರದ ರೈಲುಗಾಡಿಗೆ ಸೇಡಂನಿಂದ ಬರುವ ಎಲೆ-ಅಡಿಕೆ ಡಬ್ಬಿಯಲ್ಲಿ ಎಲೆಯೂ ಇರುತ್ತಿರಲಿಲ್ಲ, ಅಡಿಕೆಯೂ ಇರುತ್ತಿರಲಿಲ್ಲ. ಹತ್ತಿಯಲ್ಲಿ ಸುತ್ತಿದ ಎರಡು ಗಾಜಿನ ಪಟ್ಟಿಗಳಿರುತ್ತಿದ್ದವು. ಅವುಗಳ ಮೇಲೆ ಏಳು ವರ್ಷದ ಚಂದಮ್ಮನ ಒಂದೊಂದು ಹನಿ ರಕ್ತ, ತೆಳ್ಳಗೆ ಸವರಿ ಒಣಗಿಸಿದ್ದು.

ಹೈದರಾಬಾದಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಹಮೀದಾಬೇಗಂ ಆ ಡಬ್ಬಿಯ ದಾರಿ ಕಾಯುತ್ತಿದ್ದಳು. 1953ರ ಆ ವರ್ಷ ಅವಳಿಗೆ ಇಪ್ಪತ್ತಾರು; ಸಂಶೋಧನೆಗೆ ಸೇರಿ ಹದಿನಾಲ್ಕು ತಿಂಗಳು. ಮಕ್ಕಳ ರಕ್ತದ ಕ್ಯಾನ್ಸರಿಗೆಂದು ಅಮೆರಿಕದಿಂದ ಬಂದ ಹಳದಿ ಗುಳಿಗೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡುವುದು ಅವಳ ಪಾಲಿಗೆ ಬಂದಿತ್ತು. ಗುಳಿಗೆ ಕಡಿಮೆ, ಕಾಯುವ ಮಕ್ಕಳು ಹೆಚ್ಚು.

ಸೇಡಂಗೆ ಹೋಗಿ ರಕ್ತ ಸವರುವುದನ್ನು ಅವಳು ಮೊದಲು ಕಲಿಸಿದ್ದು ಅಲ್ಲಿನ ಕಂಪೌಂಡರನಿಗೆ. ಅವನ ಕೈ ನಡುಗಿತು. ಚಂದಮ್ಮನ ಅಜ್ಜ, ಅವಳ ಬಾಯಲ್ಲಿ ಮುತ್ಯಾ, ಗುರುಲಿಂಗಯ್ಯನವರ ಕೈ ನಡುಗಲಿಲ್ಲ. ನಲವತ್ತು ವರ್ಷ ಊರವರ ಹಣೆಗೆಲ್ಲ ವಿಭೂತಿ ಎಳೆದ ಕೈ ಅದು. ಒಂದೇ ಎಳೆತ, ನಡುವೆ ನಿಲ್ಲುವ ಮಾತಿಲ್ಲ. ಕೆಲಸ ಅವರ ಪಾಲಾಯಿತು.

ಗುಳಿಗೆ ಶುರುವಾಗಿ ಐದು ವಾರದಲ್ಲಿ ಚಂದಮ್ಮನ ರಕ್ತದ ಕೆಟ್ಟ ಕಣಗಳು ಕರಗುತ್ತ ಬಂದವು. ಆದರೆ ರಕ್ತವನ್ನು ಹೆಪ್ಪುಗಟ್ಟಿಸುವ ಸಣ್ಣ ಕಣಗಳು, ಪ್ಲೇಟ್‌ಲೆಟ್ಟುಗಳು, ಕಾಣಲೇ ಇಲ್ಲ. ಆರನೇ ವಾರಕ್ಕೂ ಕಾಣದಿದ್ದರೆ ಗುಳಿಗೆ ಬೇರೆ ಮಗುವಿಗೆ ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಹಮೀದಾ ಸೇಡಂಗೆ ಚೀಟಿ ಬರೆದಳು: ಈ ವಾರದ್ದು ಭಾಳ ಮುಖ್ಯ.

ಆರನೇ ಬುಧವಾರದ ಗಾಜಿನ ತುಂಬ ಸಣ್ಣ ಕಣಗಳು! ಹಮೀದಾ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ದೊಡ್ಡ ಡಾಕ್ಟರು ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದರು.

"ಇವು ನಾವು ಹಾಕಿದ ಬಣ್ಣ ಕುಡಿದಿಲ್ಲ. ಮಿನುಗುತ್ತಿವೆ. ಇದು ಧೂಳು, ಹಮೀದಾ."

ಅವಳು ಡಬ್ಬಿಯನ್ನು ಮೂಗಿಗೆ ಹಿಡಿದಳು. ಚಿತ್ತಾಪುರದಲ್ಲಿ ಮಠದ ಬೆನ್ನಿಗೇ ಬೆಳೆದವಳಿಗೆ ವಿಭೂತಿಯ ವಾಸನೆ ಗೊತ್ತಾಗಲು ಸೂಕ್ಷ್ಮದರ್ಶಕ ಬೇಕಿರಲಿಲ್ಲ.

"ನೀನೇ ಹೋಗು," ಎಂದರು ಅವರು. "ಸುಧಾರಿಸಿದ್ದರೆ ಗುಳಿಗೆ ಕೊಡು. ಇಲ್ಲವಾದರೆ ವಾಪಸ್ ತಾ."

ಮರುದಿನ ಸೇಡಂನಲ್ಲಿ ಗುರುಲಿಂಗಯ್ಯನವರು ಬಾಗಿಲಿಗೇ ಬಂದರು. "ಬರ್ರಿ ಡಾಕ್ಟರ್ ಬಾಯಿ, ಕುಂದ್ರಿ. ಚಂದೀ, ನೀರು ತಾ."

"ಸೂಜಿ ತಂದಾರೇನು ಕೇಳು ಮುತ್ಯಾ," ಒಳಗಿನಿಂದ ದನಿ ಬಂತು. "ತಂದಿದ್ರ ನೀರಿಲ್ಲ."

"ಅಯ್ಯನವರ, ಗಾಜಿಗೆ ವಿಭೂತಿ ಹಚ್ಚೀರೇನ್ರಿ?" ಎಂದು ಕೇಳಿದಳು ಹಮೀದಾ.

"ಗಾಜಿಗ್ಯಾಕ ಹಚ್ಚಲ್ರಿ? ಗಾಜಿಗೇನು ಬ್ಯಾನಿ ಬಂದದ?" ಅವರಿಗೆ ಸಿಟ್ಟೇ ಬಂತು. "ಕೂಸಿನ ಬೆರಳಿಗೆ ಹಚ್ಚೀನಿ."

"ಐದು ವಾರ ಹಚ್ಚಿರಲಿಲ್ಲಲ್ರಿ."

"ನೀವೇ ಚೀಟಿ ಬರದೀರಿ, ಈ ವಾರದ್ದು ಭಾಳ ಮುಖ್ಯ ಅಂತ. ಮುಖ್ಯ ಅಂದಮ್ಯಾಲ ಸುಮ್ನ ಚುಚ್ಚಲಿಕ್ಕೆ ಬರ್ತದೇನು? ನಿಮ್ಮ ಸ್ಪಿರಿಟ್ ಬ್ಯಾರೆ ಸಾರಾಯಿ ನಾರಿದಂಗ ನಾರ್ತದ. ಅದರ ಮ್ಯಾಲ ವಿಭೂತಿ ಹಚ್ಚಿ ಶುದ್ಧ ಮಾಡೀನಿ."

ಹಮೀದಾ ಅಂದಳು: "ಒಂದು ಮಾತು ಮಾಡಿಕೊಳ್ಳೋಣ್ರಿ. ಹಣಿ ನಿಮ್ದು, ಬೆರಳು ನಂದು."

"ಮತ್ತ ನಂದೇನು?" ಎಂದಳು ಚಂದಮ್ಮ, ನೀರಿನ ತಂಬಿಗೆ ಹಿಡಿದು ಬಂದು.

ಹಿತ್ತಲಿನ ಹಾಸುಗಲ್ಲಿನ ಮೇಲೆ ಅವಳನ್ನು ಕೂರಿಸಿದರು. ಮುತ್ಯಾ ಹಣೆಗೆ ಮೂರು ಗೆರೆ ಎಳೆದು, ಕೈ ತೊಳೆದುಕೊಂಡು ಬಂದರು. ಹಮೀದಾ ಬೆರಳು ಒರೆಸಿ ಚುಚ್ಚಿದಳು. ಮೊದಲ ಹನಿಯನ್ನು ತಾನು ಸವರಿದಳು, ಎರಡನೆಯದನ್ನು ಅವರ ಕೈಗೆ ಬಿಟ್ಟಳು. ಆಮೇಲೆ ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಗಡಿಯಾರ ನೋಡುತ್ತ ನಿಂತಳು.

ಮೊದಲ ಸಲ ಇದೇ ಬೆರಳು ಕಾಲು ಗಂಟೆ ಸೋರಿ ಹಮೀದಾಳ ಕರವಸ್ತ್ರ ತೊಯ್ದಿತ್ತು. ಈಗ ಒಂದು ನಿಮಿಷ. ಎರಡು. ಗುರುಲಿಂಗಯ್ಯನವರ ತುಟಿ ಮಾತ್ರ ಆಡುತ್ತಿತ್ತು. ಮೂರನೇ ನಿಮಿಷಕ್ಕೆ ಅರಳೆಯಿಂದ ಮೆಲ್ಲಗೆ ಒತ್ತಿ ತೆಗೆದಳು. ಹೊಸ ಕೆಂಪು ಬರಲಿಲ್ಲ. ಬೇಗ ನಂಬಬಾರದ ಕೆಲಸ ಅವಳದು. ಇನ್ನೊಂದು ನಿಮಿಷ ಕಾದಳು.

"ನಿಂತದ," ಎಂದಳು ಚಂದಮ್ಮ ಬೇಸರದಿಂದ. "ಇನ್ನ ಕೈ ಬಿಡ್ರಿ."

ಹಮೀದಾ ಕೈ ಬಿಟ್ಟಳು. ಚೀಲದಿಂದ ಗುಳಿಗೆಯ ಶೀಶೆ ತೆಗೆದು ಅಯ್ಯನವರ ಅಂಗೈಯಲ್ಲಿಟ್ಟಳು.

ಅವರು ಶೀಶೆಯನ್ನೇ ನೋಡುತ್ತ ಕೇಳಿದರು, "ಆರಾಮ ಆಯ್ತೇನ್ರಿ?"

ಈ ಆರಾಮ ಹೆಚ್ಚೆಂದರೆ ಕೆಲವು ತಿಂಗಳಿನದು ಎಂದೇ ಅವಳು ಓದಿದ ವರದಿಗಳೆಲ್ಲ ಹೇಳಿದ್ದವು.

"ಈಗ ಆಗ್ಯಾದ್ರಿ."

ಆ 'ಈಗ' ಅವರಿಗೆ ಕೇಳಿಸಿತು. ಚಂದಮ್ಮ ಆಗಲೇ ಬೇಲಿಯ ಹತ್ತಿರ ಆಡಿನ ಮರಿಗೆ ಬೆರಳು ತೋರಿಸಿ ಜಂಬ ಕೊಚ್ಚುತ್ತಿದ್ದಳು. ಅವಳ ಕಡೆ ನೋಡಿ ಅವರು ಮೆಲ್ಲಗೆ ಅಂದರು, "ಈಗಿಂದು ಈಗ ಆಯ್ತು. ಮುಂದಿಂದು ನೀವು ಹುಡುಕಲಿಕತ್ತೀರಲ್ಲ."

"ಹುಡುಕಲಿಕತ್ತೀನ್ರಿ."

"ಹುಡುಕ್ರಿ. ನಾ ಬುಧವಾರ ತಪ್ಪಸಂಗಿಲ್ಲ."

ವಾಪಸು ಗಾಡಿಯಲ್ಲಿ ಹಮೀದಾ ಎರಡೂ ಗಾಜುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತನ್ನದು ದಪ್ಪ, ನಡುವೆ ಕೈ ತಡೆದ ಗುರುತು. ಅವರದು ಈರುಳ್ಳಿ ಸಿಪ್ಪೆಯ ಒಳಪೊರೆಯ ಹಾಗೆ, ಒಂದೇ ಸಮ. ದೊಡ್ಡ ಡಾಕ್ಟರಿಗೆ ತೋರಿಸಲು ಅವರದನ್ನೇ ಡಬ್ಬಿಯಲ್ಲಿ ಮೇಲಿಟ್ಟಳು.