ಮಂಜಿನೊಳಗಿಂದ ಬಂದ ದನಿ

ಎರ್ಸಿಲಿಯಾಳ ಗಂಡ ಜೆರ್ವಾಸಿಯೊ ಗಡಿಯಾರ ರಿಪೇರಿಯವನು. ತಂತಿಯಿಲ್ಲದೆ ಮನುಷ್ಯನ ದನಿಯನ್ನು ಕಳಿಸುತ್ತೇನೆಂದು ಹಟ ಹಿಡಿದ ಮೇಲೆ ಊರಿನ ಗಡಿಯಾರಗಳೆಲ್ಲ ಕೆಟ್ಟೇ ಕೂತಿದ್ದವು. ದೊಡ್ಡ ಹಡಗುಗಳು ಆಗಲೇ ತಂತಿಯಿಲ್ಲದೆ ಟಿಕ್ ಟಿಕ್ ಸಂಕೇತ ಕಳಿಸುತ್ತಿದ್ದವು. ಆದರೆ ಮಾತು? ಜಿನೋವಾ ಪಟ್ಟಣದ ಪಂಡಿತರೇ ನಕ್ಕುಬಿಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಎರ್ಸಿಲಿಯಾಳ ಅಣ್ಣ, ಮೀನುದೋಣಿಗಳ ಯಜಮಾನ ಒರೆಸ್ತೆ.

"ಭಾವ, ಎದುರಿಗೆ ನಿಂತು ಕೂಗಿದ್ರೇ ನಿನಗೆ ಕೇಳಿಸಲ್ಲ. ಇನ್ನು ಗಾಳೀಲಿ ಬಂದಿದ್ದು ಕೇಳಿಸುತ್ತಾ?"

ವಸಂತದ ಒಂದು ಬೆಳಿಗ್ಗೆ ಜೆರ್ವಾಸಿಯೊ ಮೋಟಾರು ದೋಣಿಯಲ್ಲಿ ಯಂತ್ರ ಹೇರಿಕೊಂಡು ಒಬ್ಬನೇ ಸಮುದ್ರಕ್ಕೆ ಹೋದ. ಇನ್ನೊಂದು ಯಂತ್ರ ದಡದ ಶೆಡ್ಡಿನಲ್ಲಿತ್ತು. ಅದರಲ್ಲಿ ಕೇಳಬಹುದಿತ್ತು, ಮಾತಾಡುವಂತಿರಲಿಲ್ಲ. ಸುತ್ತ ಇದ್ದವರಿಗೂ ಕೇಳಲೆಂದು ಎರ್ಸಿಲಿಯಾ ಕಿವಿಗಿಟ್ಟು ಕೇಳುವ ಅದರ ಬಿಲ್ಲೆಯನ್ನು ಪೊಲೆಂಟಾ ಎಂಬ ಜೋಳದ ಅಂಬಲಿ ಬೇಯಿಸುವ ತಾಮ್ರದ ಪಾತ್ರೆಯೊಳಗಿಟ್ಟು ಕೂತಳು. ತಮಾಷೆ ನೋಡಲು ಒರೆಸ್ತೆ ತನ್ನ ಆಳುಗಳೊಂದಿಗೆ ಬಂದಿದ್ದ. ಚರ್ಚಿನ ಪಾದ್ರಿ ದೊನ್ ಪ್ರೊಸ್ಪೆರೊ ಕೂಡ ಬಂದಿದ್ದರು.

ಪಾತ್ರೆ ಚರಚರ ಅಂದಿತು. ಆಮೇಲೆ, "ಎರ್ಸಿಲಿಯಾ, ನಾನು. ಕೇಳಿಸ್ತಿದೆಯಾ?"

ಶಿಲುಬೆಯ ಗುರುತು ಹಾಕಿಕೊಳ್ಳಲು ಹೋದ ಪಾದ್ರಿಯ ಕೈ ಹಣೆಯ ಹತ್ತಿರವೇ ನಿಂತುಬಿಟ್ಟಿತು. ಒರೆಸ್ತೆ ಬಗ್ಗಿ ಮೇಜಿನ ಕೆಳಗೆ ನೋಡಿದ, ಹೊರಗೆ ಓಡಿ ಗೋಡೆಯ ಹಿಂದೆ ಹುಡುಕಿ ಬಂದ. ಎರ್ಸಿಲಿಯಾ ಪಾತ್ರೆಯ ಹತ್ತಿರಕ್ಕೆ ಬಗ್ಗಿದಳು. ದಿನಾ ಹಾಸಿಗೆಯಲ್ಲಿ ಪಕ್ಕಕ್ಕೇ ಮಲಗಿ ಗೊರಕೆ ಹೊಡೆಯುವವನ ದನಿ ಪಾತ್ರೆಯೊಳಗಿಂದ ಬರುತ್ತಿತ್ತು.

"ಇಲ್ಲಿ ಮಂಜು ಕವಿದಿದೆ," ಅಂದಿತು ದನಿ. "ಏನೂ ಕಾಣ್ತಿಲ್ಲ..." ಅಷ್ಟರಲ್ಲಿ ಮರ ಸೀಳಿದ ಸದ್ದು. "ಅಯ್ಯೋ ಮಾತೆ ಮರಿಯಾ! ಬಂಡೆಗೆ ಹೊಡೀತು. ನೀರು ಒಳಗೆ ಬರ್ತಿದೆ."

"ಜೆರ್ವಾಸಿಯೊ!" ಎರ್ಸಿಲಿಯಾ ಪಾತ್ರೆಯೊಳಗೆ ಮುಖವಿಟ್ಟು ಚೀರಿದಳು. "ಕೇಳಿಸ್ತಿದೆ! ಎಲ್ಲಿದೀಯ ಹೇಳು!"

ಅವಳ ಕೂಗು ಶೆಡ್ಡು ದಾಟಿ ಹೋಗಲಿಲ್ಲ. ಆ ಕಡೆಯಿಂದ ದನಿ ತಗ್ಗಿತು. "ಯಾರಿಗೂ ಕೇಳಿಸ್ತಿಲ್ಲ ಅಂತ ಗೊತ್ತು. ಎರ್ಸಿಲಿಯಾ, ನೀನು ಇದನ್ನ ನಂಬಿದ್ದೆ. ನಾನು ನಂಬಿಕೆ ಬಿಟ್ಟು ಎಷ್ಟೋ ಕಾಲ ಆಯ್ತು. ನಿನ್ನೆದುರು ಹೇಳೋಕೆ ನಾಚಿಕೆ ಆಗಿ ನಟಿಸ್ತಾ ಬಂದೆ."

ಆಳುಗಳು ತಲೆ ತಗ್ಗಿಸಿದರು. ಎರ್ಸಿಲಿಯಾಳಿಗೆ ಕೆನ್ನೆಗೆ ಹೊಡೆದಂತಾಯಿತು.

"ಎಡಗಡೆ ದಡದಲ್ಲಿ ಮೇಕೆಗಳ ಗಂಟೆ ಕೇಳಿಸ್ತಿದೆ," ದನಿ ಮುಂದುವರಿಯಿತು. "ಎದುರಿಗೆ ಎರಡು ಬಂಡೆಗಳ ನಡುವೆ ನೀರು ಭೋರ್ಗರೀತಿದೆ..."

"ಅದು ಸನ್ಯಾಸಿನಿ ಬಂಡೆ! ಅಲ್ಲೇ ಇದಾನೆ!" ಒರೆಸ್ತೆ ಕಿರುಚಿದ. "ಹುಟ್ಟು ತಗೊಳ್ರೋ! ಏನ್ ಬಾಯ್ಬಿಟ್ಕೊಂಡು ನಿಂತಿದೀರ?"

ಅವರು ಓಡಿದ ಬೆನ್ನಿಗೇ ಪಾತ್ರೆ ಮೂಕವಾಯಿತು. ನೀರು ದೋಣಿಯಲ್ಲಿದ್ದ ಯಂತ್ರವನ್ನು ಮುಟ್ಟಿತ್ತು. ಎರ್ಸಿಲಿಯಾ ಪಾತ್ರೆಯನ್ನು ಎರಡೂ ಕೈಯಿಂದ ತಬ್ಬಿ ಕೂತಳು. ದೊನ್ ಪ್ರೊಸ್ಪೆರೊ ಏನೋ ಸಮಾಧಾನ ಹೇಳಲು ಬಂದರೆ, "ಸುಮ್ನಿರಿ ಫಾದರ್, ಅವನು ಮಾತಾಡಬಹುದು," ಅಂದಳು.

ಮಂಜು ಹರಿಯುವ ಹೊತ್ತಿಗೆ ಒರೆಸ್ತೆಯ ದೋಣಿ ಬಂತು. ಹಾಯಿಬಟ್ಟೆ ಸುತ್ತಿಕೊಂಡು ಜೆರ್ವಾಸಿಯೊ ಇಳಿದ. ದನಿ ಕೇಳಿಸಿತೆಂದು ದಾರಿಯುದ್ದಕ್ಕೂ ಒರೆಸ್ತೆ ಹೇಳಿದ್ದನ್ನು ಅವನು ನಂಬಿರಲಿಲ್ಲ.

"ಪಾಪ, ಸಮಾಧಾನಕ್ಕೆ ಹೇಳ್ತಿದಾನೆ," ಅಂದ ಹೆಂಡತಿಗೆ, ಹಲ್ಲು ಕಟಕಟಿಸುತ್ತ. "ಏನೂ ಕೇಳಿಸ್ಲಿಲ್ಲ, ಅಲ್ವಾ?"

"ನಿನ್ನೆದುರು ಹೇಳೋಕೆ ನಾಚಿಕೆ ಆಗಿ ನಟಿಸ್ತಾ ಬಂದೆ," ಅಂದಳು ಅವಳು, ಅವನ ಮಾತನ್ನೇ, ಒಂದಕ್ಷರ ಬಿಡದೆ.

ಜೆರ್ವಾಸಿಯೊ ತಿರುಗಿ ಪಾದ್ರಿಯ ಕಡೆ ನೋಡಿದ, ಅವರು ಹೌದೆಂದು ತಲೆಯಾಡಿಸಿದರು. ನೆನೆದ ಬಟ್ಟೆಯಲ್ಲೇ ದಡದ ಕಲ್ಲುಗಳ ಮೇಲೆ ಕುಸಿದು, ಗೆದ್ದೆನೋ ಸೋತೆನೋ ತಿಳಿಯದವನಂತೆ ಬಾಯಿ ತೆರೆದು ಕೂತ.

ಎರ್ಸಿಲಿಯಾ ಅವನ ಕಾಲರು ಹಿಡಿದಳು. "ಕೂಗಿ ಕೂಗಿ ನನ್ನ ಗಂಟಲು ಹರಿದುಹೋಯ್ತು. ನಿನಗೆ ಕೇಳಿಸ್ಲೇ ಇಲ್ಲ. ಮೊದಲು ನಾನೂ ಮಾತಾಡೋ ಹಾಗೆ ಮಾಡು. ಆಮೇಲೆ ಬೇಕಾದ್ರೆ ಸಾಯಿ."

ಮರುವರ್ಷ ಒರೆಸ್ತೆಯ ದೋಣಿಯಲ್ಲಿ ಎರಡೂ ಕಡೆಯಿಂದ ಮಾತಾಡಬಹುದಾದ ಯಂತ್ರ ಕೂತಿತು. ನಡುಸಮುದ್ರದಲ್ಲಿ ತಂಗಿಯ ದನಿ ಮೊದಲು ಕಿವಿಗೆ ಬಿದ್ದಾಗ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟ.